ಎಡಭುಜಕ್ಕೆ ಹೊಂದುವ ಕೋವಿ

ನವೆಂಬರ್ ಮೂರನೇ ವಾರ ಕಳೆಯುತ್ತಿದ್ದಂತೆ ವಿಸ್ಕಾನ್ಸಿನ್ನಿನ ಆಫೀಸುಗಳು ಅರ್ಧ ಖಾಲಿಯಾಗುತ್ತವೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಜಿಂಕೆ ಬೇಟೆಯ ಒಂಬತ್ತು ದಿನ ಶುರು. ಐದೂವರೆ ಲಕ್ಷದಷ್ಟು ಜನ ಲೈಸೆನ್ಸ್ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ತೊಟ್ಟು ಕಾಡು ಸೇರುತ್ತಾರೆ. ಇಲ್ಲಿ ನೆಲೆಸಿದ ಕನ್ನಡಿಗರಿಗೂ ಒಂದಲ್ಲ ಒಂದು ವರ್ಷ ಸಹೋದ್ಯೋಗಿಗಳಿಂದ ಕರೆ ಬರುತ್ತದೆ, "ಈ ಸಲ ನೀನೂ ಬಾ" ಎಂದು. ಭಾರತದಲ್ಲಿ ಬೇಟೆಯ ಮಾತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೇ ಮುಗಿಯಿತು. ಆದ್ದರಿಂದ ಈ ಬರಹ ಅಮೆರಿಕದಲ್ಲಿದ್ದು, ಕಾನೂನಿನ ಪ್ರಕಾರ ಬೇಟೆಗೆ ಹೋಗುವವರಿಗೆ ಮಾತ್ರ. ಅವರಲ್ಲೂ ನನ್ನಂಥವರಿಗೆ: ಎತ್ತರ ಐದಡಿಗೆ ಒಂದಿಂಚು ಕಡಿಮೆ, ಕೈ ಎಡ. ನಮ್ಮ ಧಾರವಾಡದ ಕಡೆ ಹೇಳುವಂತೆ, ರೊಡ್ಡಿ.

ನನ್ನ ಮೊದಲ ಕೋವಿಯ ಕತೆ ಹೇಳಿಬಿಡುತ್ತೇನೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮಗೆ ಹಗುರದ್ದೇ ಬೇಕು" ಅಂದ. ಆರು ಪೌಂಡಿನ, .308 ತೋಟಾ ಹಾಕುವ ಬೋಲ್ಟ್ ಆ್ಯಕ್ಷನ್ ಕೋವಿ ಕೊಟ್ಟ. ಬೋಲ್ಟ್, ಅಂದರೆ ಚಿಲಕದಂಥ ಹಿಡಿ, ಬಲಗಡೆ. ಹತ್ತನೇ ಗುಂಡಿಗೆ ಭುಜ ನೀಲಿಗಟ್ಟಿತ್ತು, ಇಪ್ಪತ್ತನೆಯದಕ್ಕೆ ಕೋವಿಯ ಮೇಲಿನ ದೂರದರ್ಶಕದ ಅಂಚು ಹುಬ್ಬು ಸೀಳಿತ್ತು. ಆಮೇಲೆ ಟ್ರಿಗರ್ ಮುಟ್ಟಿದರೇ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ವರ್ಷ ನಾನು ಹೊಡೆದ ಹೆಣ್ಣು ಜಿಂಕೆಗೆ ಗುಂಡು ತಗುಲಿದ್ದು ಎದೆಗಲ್ಲ, ಹೊಟ್ಟೆಗೆ. ರಕ್ತದ ಜಾಡು ಹಿಡಿದು ಮೂರು ಗಂಟೆ ನಡೆದೆವು. ಕೋವಿ ಆರಿಸುವಾಗಿನ ತಪ್ಪಿಗೆ ದಂಡ ತೆರುವುದು ಬೇಟೆಗಾರರಲ್ಲ, ಜಿಂಕೆ. ಉಳಿದದ್ದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲು ಕಣ್ಣನ್ನು ಕೇಳಿ

ನಮ್ಮಲ್ಲಿ ಎಡಗೈ ಮಕ್ಕಳನ್ನು ಹೇಗೆ ಬೆಳೆಸುತ್ತಾರೆಂದು ನಿಮಗೆ ಗೊತ್ತು. ತಟ್ಟೆಗೆ ಎಡಗೈ ಹಾಕಿದರೆ ಅಜ್ಜಿಯ ಗದರಿಕೆ, ಪಾಟಿಗೆ ಹಾಕಿದರೆ ಮಾಸ್ತರರ ಬೆತ್ತ. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಬರೆಯುವುದು ಬಲಗೈಯಲ್ಲಿ, ಚೆಂಡೆಸೆಯುವುದು ಎಡಗೈಯಲ್ಲಿ. ಕೋವಿ ಯಾವ ಭುಜಕ್ಕೆ ಎಂದು ತೀರ್ಮಾನಿಸಲು ಕೈಯ ಸಾಕ್ಷಿ ಸಾಲದು.

ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ. ಎರಡೂ ಕಣ್ಣು ತೆರೆದು, ಆ ಕಿಂಡಿಯಲ್ಲಿ ದೂರದ ಗಡಿಯಾರವನ್ನೋ ಸ್ವಿಚ್ಚನ್ನೋ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ವಸ್ತು ಕಿಂಡಿಯಿಂದ ಜಾರಿಹೋಗುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಕೈ ಎಡ, ಕಣ್ಣೂ ಎಡ ಆದರೆ ಯೋಚನೆಯೇ ಇಲ್ಲ. ಕೈ ಎಡ, ಕಣ್ಣು ಬಲ ಆದರೆ, ಹೊಸದಾಗಿ ಕಲಿಯುವವರು ಬಲಭುಜವನ್ನೂ ಒಂದು ವಾರ ಪ್ರಾಮಾಣಿಕವಾಗಿ ಪ್ರಯತ್ನಿಸಿ ನೋಡಬೇಕು. ಅದು ಒಗ್ಗಿದರೆ ಇಡೀ ಮಾರುಕಟ್ಟೆ ನಿಮ್ಮದು. ಒಗ್ಗದಿದ್ದರೂ ಚಿಂತೆಯಿಲ್ಲ. ದೂರದರ್ಶಕ ಕೂರಿಸಿದ ಕೋವಿಯಲ್ಲಿ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಗುರಿ ಹಿಡಿಯಬಹುದು.

ಅಳತೆ: ಮೊಳಕೈಯಿಂದ ಬೆರಳಿನವರೆಗೆ

ಟ್ರಿಗರಿನಿಂದ ಹಿಡಿಮರದ ಹಿಂತುದಿಯವರೆಗಿನ ದೂರಕ್ಕೆ ಇಲ್ಲಿ 'ಲೆಂಗ್ತ್ ಆಫ್ ಪುಲ್' ಅನ್ನುತ್ತಾರೆ. ಸಾಮಾನ್ಯ ಕೋವಿಗಳಲ್ಲಿ ಇದು 13.5ರಿಂದ 13.75 ಇಂಚು, ಮಕ್ಕಳಿಗೆಂದು ಮಾಡಿದ ಕೋವಿಗಳಲ್ಲಿ 12.5ರ ಆಸುಪಾಸು. ನಿಮ್ಮ ಅಳತೆ ತಿಳಿಯಲು ಮೊಳಕೈಯನ್ನು ತೊಂಬತ್ತು ಡಿಗ್ರಿ ಮಡಿಸಿ, ಖಾಲಿ ಕೋವಿಯ ಹಿಂತುದಿಯನ್ನು ಮೊಳಕೈ ಸಂದಿಗೆ ಒತ್ತಿ ಹಿಡಿಯಿರಿ. ತೋರುಬೆರಳಿನ ಮೊದಲ ಗಿಣ್ಣಿನ ಭಾಗ ಟ್ರಿಗರಿನ ಮೇಲೆ ಸರಾಗವಾಗಿ ಕೂರಬೇಕು. ಇದು ಅಂದಾಜು ಲೆಕ್ಕ. ಖಾತ್ರಿಗಾಗಿ ಕೋವಿಯನ್ನು ಭುಜಕ್ಕೇರಿಸಿ ಕೆನ್ನೆ ತಾಗಿಸಿ. ಮೂಗಿನ ತುದಿಗೂ ಟ್ರಿಗರ್ ಕೈಯ ಹೆಬ್ಬೆರಳಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿಯಬೇಕು.

ಈ ಪರೀಕ್ಷೆಯನ್ನು ಟೀ ಷರ್ಟಿನಲ್ಲಿ ಮಾಡುವುದು ಎಲ್ಲರೂ ಮಾಡುವ ತಪ್ಪು. ವಿಸ್ಕಾನ್ಸಿನ್ನಿನ ನವೆಂಬರ್ ಬೆಳಗಿನಲ್ಲಿ ನೀವು ಮೂರು ಪದರ ಉಣ್ಣೆಯ ಮೇಲೆ ದಪ್ಪ ಜಾಕೆಟ್ ತೊಟ್ಟಿರುತ್ತೀರಿ, ಅದೇ ಅರ್ಧ ಇಂಚು ತಿನ್ನುತ್ತದೆ. ಆಗಸ್ಟ್‌ನ ಸೆಕೆಯಲ್ಲೂ ಅಂಗಡಿಗೆ ಚಳಿಗಾಲದ ಕೋಟು ಹೊತ್ತು ಹೋಗಿ. ನಗುವವರು ನಗಲಿ.

ಹಿಡಿಮರ ಉದ್ದವಾದರೆ ಏನಾಗುತ್ತದೆ? ಗಿಡ್ಡ ಕೈಯವರು ಬೆನ್ನನ್ನು ಹಿಂದಕ್ಕೆ ಬಾಗಿಸುತ್ತಾರೆ, ಕತ್ತನ್ನು ಮುಂದಕ್ಕೆ ಚಾಚುತ್ತಾರೆ. ಕಣ್ಣಿಗೂ ದೂರದರ್ಶಕಕ್ಕೂ ನಡುವೆ ಮೂರೂವರೆಯಿಂದ ನಾಲ್ಕು ಇಂಚು ಬೇಕಾದ ಕಡೆ ಎರಡೇ ಉಳಿಯುತ್ತದೆ. ನನ್ನ ಹುಬ್ಬಿನ ಗಾಯದ ಗುರುತು ಈಗಲೂ ಇದೆ.

ಹಿಡಿಮರವನ್ನು ಕುಶಲಕರ್ಮಿಯಿಂದ ಕತ್ತರಿಸಿ ಗಿಡ್ಡ ಮಾಡಿಸಬಹುದು, ಆದರೆ ಕತ್ತರಿಸಿದ್ದು ಮರಳಿ ಬೆಳೆಯುವುದಿಲ್ಲ. ತೆಗೆದು ಹಾಕಬಹುದಾದ ಪದರಗಳಿರುವ ಹಿಡಿಮರವೇ ಮೇಲು. ಸ್ಯಾವೇಜ್ 110ರ ಕೆಲವು ಮಾದರಿಗಳಲ್ಲಿ ಉದ್ದವನ್ನೂ ಕೆನ್ನೆಯ ಎತ್ತರವನ್ನೂ ಹೀಗೆ ಹೊಂದಿಸಿಕೊಳ್ಳಬಹುದು. ಕೆನ್ನೆಯ ಮಾತು ಬಂದಿದ್ದರಿಂದ ಇದನ್ನೂ ಗಮನಿಸಿ: ಹಿಡಿಮರದ ಎಡಮಗ್ಗುಲಲ್ಲಿ ಉಬ್ಬಿದ ಕೆನ್ನೆದಿಂಬು ಇದ್ದರೆ ಅದು ಬಲಗೈಯವರಿಗೆ ಮಾಡಿದ್ದು. ಎಡಭುಜಕ್ಕೆ ಇಟ್ಟವರ ಮುಖ ಬರುವುದು ಬಲಮಗ್ಗುಲಿಗೆ. ನಮಗೆ ಆ ಉಬ್ಬು ಅಂದಕ್ಕಷ್ಟೇ.

ಬೋಲ್ಟ್ ಯಾವ ಕಡೆ?

ಬೇಟೆಗೆ ಅತಿ ಹೆಚ್ಚು ಬಳಕೆಯಲ್ಲಿರುವುದು ಬೋಲ್ಟ್ ಆ್ಯಕ್ಷನ್. ಗುಂಡು ಹಾರಿದ ಮೇಲೆ ಚಿಲಕದಂತಹ ಹಿಡಿಯನ್ನು ಎತ್ತಿ ಹಿಂದಕ್ಕೆಳೆದರೆ ಖಾಲಿ ಕವಚ ಹೊರಬೀಳುತ್ತದೆ, ಮುಂದೆ ತಳ್ಳಿದರೆ ಹೊಸ ತೋಟಾ ಒಳಸೇರುತ್ತದೆ. ಆ ಚಿಲಕ ಸಾಮಾನ್ಯವಾಗಿ ಬಲಗಡೆಗೇ ಇರುತ್ತದೆ. ಎಡಭುಜದವರು ಬಲಗೈಯನ್ನು ಕೊಳವೆಯ ಕೆಳಗಿನಿಂದ ತೆಗೆದು ಹಿಂದಕ್ಕೆ ಚಾಚಬೇಕು, ಆ ಕ್ಷಣ ಕೋವಿಗೆ ಆಧಾರವೇ ಇರುವುದಿಲ್ಲ. ಇಲ್ಲವೇ ಎಡಗೈಯನ್ನೇ ಮೇಲಿನಿಂದ ಆಚೆಗೆ ಹಾಯಿಸಬೇಕು. ಮೇಜಿನ ಮೇಲೆ ಮರಳುಚೀಲಕ್ಕೆ ಆನಿಸಿಟ್ಟು ಹೊಡೆಯುವವರು "ಎಡಗೈ ಟ್ರಿಗರಿನಲ್ಲೇ ಇರುತ್ತದೆ, ಬಲಗೈ ಬೋಲ್ಟ್ ನೋಡಿಕೊಳ್ಳುತ್ತದೆ, ಅನುಕೂಲವೇ" ಎನ್ನುತ್ತಾರೆ. ಮೇಜಿನ ಮೇಲೆ ಅದು ನಿಜ. ಮರದ ಮೇಲಿನ ಅಟ್ಟಣಿಗೆಯಲ್ಲಿ ಎರಡನೇ ಗುಂಡು ಬೇಕಾದಾಗ ನಿಜವಲ್ಲ.

ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಕಡಿಮೆ. ಕವಚ ಹೊರಬೀಳುವ ಕಿಂಡಿ ಬಲಗಡೆ, ನಮ್ಮ ಮುಖವೂ ಬಲಗಡೆ. ದೋಷವಿರುವ ತೋಟಾ ಒಳಗೇ ಸಿಡಿದರೆ ಬಿಸಿ ಅನಿಲ ಬರುವುದು ಆ ಕಡೆಗೇ. ಅಪರೂಪ ನಿಜ, ಆದರೆ ಕಣ್ಣಿಗೆ ಗಟ್ಟಿ ಕನ್ನಡಕ ಹಾಕಲು ಇದೊಂದೇ ಕಾರಣ ಸಾಕು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಖಾಲಿ ಕವಚಗಳು ಮೂಗಿನ ಮುಂದೆಯೇ ಹಾರುತ್ತವೆ.

ಹಾಗಾದರೆ ದಾರಿ ಯಾವುದು? ಮೂರಿವೆ. ನಿಜವಾದ ಎಡಗೈ ಬೋಲ್ಟ್: ರುಗರ್ ಅಮೆರಿಕನ್, ಸ್ಯಾವೇಜ್ 110, ಟಿಕ್ಕಾ ಟಿ3ಎಕ್ಸ್ ಎಡಗೈ ಮಾದರಿಯಲ್ಲಿ ಸಿಗುತ್ತವೆ, ಆದರೆ ತೋಟಾದ ಆಯ್ಕೆ ಬಲಗೈಯವರಿಗಿಂತ ಕಡಿಮೆ, ಹಳೆಯ ಮಾಲು ಸಿಗುವುದಂತೂ ಅಪರೂಪ. ಎರಡನೆಯದು ಲಿವರ್ ಆ್ಯಕ್ಷನ್, ಕೌಬಾಯ್ ಸಿನಿಮಾಗಳಲ್ಲಿ ಕಂಡ ಅದೇ ಕೋವಿ. ವಿಂಚೆಸ್ಟರ್ 94ರ .30-30 ತಾತನ ಕಾಲದ್ದಾದರೂ ದಟ್ಟ ಕಾಡಿನಲ್ಲಿ 150 ಗಜದೊಳಗೆ ಇಂದಿಗೂ ಸಾಕು. ಅದರ ಲಿವರಿಗೆ ಎಡ ಬಲದ ಭೇದವಿಲ್ಲ, ಹಳೆಯ ಮಾದರಿಗಳ ಕವಚ ಹಾರುವುದೂ ಮೇಲಕ್ಕೆ. ಮೂರನೆಯದು ನಡುವೆ ಮುರಿದು ಒಂದೇ ತೋಟಾ ತುಂಬುವ ಕೋವಿ, ಹೆನ್ರಿ ಸಿಂಗಲ್ ಶಾಟ್‌ನಂಥದ್ದು. ಇದು ಅಗ್ಗ, ಗಿಡ್ಡ, ಕೈಭೇದವಿಲ್ಲದ್ದು. ಒಂದೇ ಗುಂಡು ಎಂಬ ಅರಿವು ಗುರಿಯನ್ನೂ ತಿದ್ದುತ್ತದೆ.

ಸೇಫ್ಟಿ ಗುಂಡಿಯನ್ನೂ ನೋಡಿ. ಬಲಗೈ ಮಾದರಿಯ ರೆಮಿಂಗ್ಟನ್ 700ರಲ್ಲಿ ಅದು ಬೋಲ್ಟಿನ ಬಲಕ್ಕಿದೆ, ಎಡ ಹೆಬ್ಬೆರಳು ಸುತ್ತಿ ಹೋಗಬೇಕು. ರುಗರ್ ಅಮೆರಿಕನ್, ಸ್ಯಾವೇಜ್ 110ಗಳಲ್ಲಿ ಹಿಡಿಮರದ ನಡುಬೆನ್ನಿಗೆ ಇದೆ, ಯಾವ ಹೆಬ್ಬೆರಳಿಗೂ ಸಮಾನ ದೂರ.

ಒದೆತದ ಲೆಕ್ಕ

ಅಂಗಡಿಯವರ ದೊಡ್ಡ ಮೋಸ, ಅಥವಾ ದೊಡ್ಡ ಅಜ್ಞಾನ, "ಸಣ್ಣವರಿಗೆ ಹಗುರ ಕೋವಿ" ಎಂಬುದು. ಗುಂಡು ಮುಂದಕ್ಕೆ ಹೋದಂತೆ ಕೋವಿ ಹಿಂದಕ್ಕೆ ಒದೆಯುತ್ತದೆ, ಕೋವಿ ಹಗುರವಾದಷ್ಟೂ ಒದೆತ ಜೋರು. ಏಳೂವರೆ ಪೌಂಡಿನ ಕೋವಿಯಲ್ಲಿ .243 ವಿಂಚೆಸ್ಟರ್ ಸುಮಾರು 9 ಫುಟ್-ಪೌಂಡ್ ಒದೆಯುತ್ತದೆ, 6.5 ಕ್ರೀಡ್ಮೂರ್ ಮತ್ತು 7ಎಂಎಂ-08 ರೆಮಿಂಗ್ಟನ್ 12ರ ಆಚೀಚೆ, .308 ಹದಿನೇಳರ ಹತ್ತಿರ, .30-06 ಇಪ್ಪತ್ತರ ಹತ್ತಿರ. ಅದೇ .308 ಅನ್ನು ಆರು ಪೌಂಡಿಗೆ ಇಳಿಸಿದರೆ ಒದೆತ ಕಾಲುಭಾಗ ಏರುತ್ತದೆ. ಅಂದರೆ ಹಗುರವೆಂದು ನನಗೆ ಕೊಟ್ಟದ್ದು ಆರಡಿ ಆಳುಗಳ .30-06ನ ಏಟು.

ನನ್ನ ಶಿಫಾರಸು 7ಎಂಎಂ-08 ಅಥವಾ 6.5 ಕ್ರೀಡ್ಮೂರ್, ದೂರದರ್ಶಕ ಸೇರಿ ಏಳರಿಂದ ಏಳೂವರೆ ಪೌಂಡಿನ ಕೋವಿಯಲ್ಲಿ, 20ರಿಂದ 22 ಇಂಚಿನ ಕೊಳವೆ. ಅದೂ ಜೋರೆನಿಸಿದರೆ .243. 1955ರಿಂದ ಅದು ಜಿಂಕೆ ಬೇಟೆಯಲ್ಲಿದೆ, ಅದನ್ನು ಮಕ್ಕಳ ತೋಟಾ ಎಂದು ಹೀಗಳೆಯುವವರ ಮಾತಿಗೆ ಕಿವಿಗೊಡಬೇಡಿ. ಒಂದೇ ಎಚ್ಚರಿಕೆ: .243ರಲ್ಲಿ 55ರಿಂದ 58 ಗ್ರೇನ್ ತೂಕದ ಗುಂಡುಗಳು ನರಿ ಮುಂತಾದ ಸಣ್ಣ ಪ್ರಾಣಿಗೆ ಮಾಡಿದವು, ಮೈಗೆ ತಾಗುತ್ತಲೇ ಚೂರಾಗುತ್ತವೆ. ಜಿಂಕೆಗೆಂದು ಪೆಟ್ಟಿಗೆಯ ಮೇಲೆ ಬರೆದಿರುವ 95 ಅಥವಾ 100 ಗ್ರೇನಿನವನ್ನೇ ಕೊಳ್ಳಿ. ಬಿಳಿಬಾಲದ ಜಿಂಕೆಯ ಮರ್ಮಸ್ಥಾನ ಒಂದು ತಿಂಡಿ ತಟ್ಟೆಯಷ್ಟಗಲ. ಅಲ್ಲಿಗೆ ಹೋದ .243, ಹೊಟ್ಟೆಗೆ ಹೋದ .300 ಮ್ಯಾಗ್ನಮ್‌ಗಿಂತ ಸಾವಿರ ಪಾಲು ದಯೆಯುಳ್ಳದ್ದು.

ಒದೆತ ತಗ್ಗಿಸಲು ಕೊಳವೆಯ ಬಾಯಿಗೆ ಬ್ರೇಕ್ ಹಾಕಿಸಿ ಎಂದೂ ಹೇಳುತ್ತಾರೆ. ಕೆಲಸ ಮಾಡುತ್ತದೆ, ಆದರೆ ಸದ್ದನ್ನು ನಿಮ್ಮ ಕಡೆಗೇ ತಿರುಗಿಸುತ್ತದೆ. ಕೋವಿಯ ಸದ್ದು ಮೊದಲೇ 160 ಡೆಸಿಬಲ್ ಹತ್ತಿರ, 140ಕ್ಕೇ ಕಿವಿ ಶಾಶ್ವತವಾಗಿ ಹಾಳಾಗಬಹುದು. ಒಳ್ಳೆಯ ರಬ್ಬರ್ ಪ್ಯಾಡ್ ಹಾಕಿಸಿ, ಕಿವಿಗೆ ಮುಚ್ಚಳ ತೊಡಿ, ಬ್ರೇಕ್ ಬಿಡಿ.

ಕಾಗದಪತ್ರ

ಗ್ರೀನ್ ಕಾರ್ಡ್ ಇದ್ದವರಿಗೆ ದಾರಿ ಸುಗಮ. ಎಚ್-1ಬಿಯಂಥ ವೀಸಾದಲ್ಲಿರುವವರು ಜಾಗ್ರತೆ: ಫೆಡರಲ್ ಕಾನೂನು ಅವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಆದ್ದರಿಂದ ಮೊದಲು ಲೈಸೆನ್ಸ್, ಆಮೇಲೆ ಅಂಗಡಿ. ಗೆಳೆಯರ ಕೋವಿ ಹಿಡಿದು ನೋಡುವುದೂ ಆಮೇಲೆಯೇ. ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರು ಬೇಟೆ ಸುರಕ್ಷತಾ ತರಬೇತಿ ಮುಗಿಸಿರಬೇಕು, ಇಲ್ಲವೇ ಅನುಭವಿಯೊಬ್ಬರ ಪಕ್ಕದಲ್ಲೇ ಬೇಟೆಯಾಡಬೇಕು. ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಇರಬೇಕು. ಬೇರೆ ರಾಜ್ಯಗಳ ನಿಯಮ ಬೇರೆ. ಪಕ್ಕದ ಇಲಿನಾಯ್ಸ್‌ನಲ್ಲಿ 2023ರವರೆಗೆ ಜಿಂಕೆಗೆ ರೈಫಲ್ಲೇ ಸಲ್ಲುತ್ತಿರಲಿಲ್ಲ, ಈಗಲೂ ಒಂಟಿ ತೋಟಾದ್ದು ಮಾತ್ರ, ಅದೂ ಆಯ್ದ ತೋಟಾಗಳಿಗೆ. ಆದ್ದರಿಂದ ನಿಮ್ಮ ರಾಜ್ಯದ ನಿಯಮ ಓದಿ ಆಮೇಲೆ ಕೊಳ್ಳಿ.

ಕೊಂಡ ಮೇಲೆ

ಮೊದಲ ತಿಂಗಳು ದೊಡ್ಡ ಕೋವಿ ಮುಟ್ಟಲೇಬೇಡಿ. ಸ್ಯಾವೇಜ್ ಮಾರ್ಕ್ 2ನಂಥ ಎಡಗೈ .22ರಲ್ಲಿ ಕೈ ಪಳಗಿಸಿ, ಅದಕ್ಕೆ ಒದೆತವೇ ಇಲ್ಲವೆನ್ನಬಹುದು. ಕೊಡಗಿನ ಗೆಳತಿಯೊಬ್ಬಳು ಕೈಲ್‌ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಲೇ ಬೆಳೆದವಳು. ಇಲ್ಲಿಯ ಶೂಟಿಂಗ್ ರೇಂಜಿನಲ್ಲಿ ಅವಳು ಕಲಿಯಬೇಕಾದ್ದು ಏನೂ ಇರಲಿಲ್ಲ. ನಮಗೆ ಆ ಭಾಗ್ಯವಿಲ್ಲ, ತೋಟಾ ಖರ್ಚು ಮಾಡಿಯೇ ಕಲಿಯಬೇಕು.

ದೊಡ್ಡ ಕೋವಿಗೆ ಬಂದಾಗ ಗೆಳೆಯರೊಬ್ಬರಿಗೆ ತೋಟಾ ತುಂಬಲು ಹೇಳಿ, ನಡುನಡುವೆ ನಿಮಗೆ ತಿಳಿಯದಂತೆ ಹುಸಿ ತೋಟಾ ಸೇರಿಸಲಿ. ಟ್ರಿಗರ್ ಒತ್ತಿದಾಗ ಸದ್ದಿಲ್ಲದೆಯೂ ಕೊಳವೆ ಕುಲುಕಿದರೆ ನಿಮ್ಮ ಭಯ ಬಯಲಾಯಿತು. ಆ ದಿನ ನಿಲ್ಲಿಸಿ, .22ಕ್ಕೆ ಮರಳಿ. ಒಂದು ಸಲಕ್ಕೆ ದೊಡ್ಡ ಕೋವಿಯಲ್ಲಿ ಹದಿನೈದು ಗುಂಡು ಮೀರಬೇಡಿ. ಅಕ್ಟೋಬರ್ ಕೊನೆಗೆ, ಕೋಟು ಕೈಗವಸು ಸಮೇತ, ನೂರು ಗಜದಲ್ಲಿ ಕುಳಿತು ಹೊಡೆದ ಐದಕ್ಕೆ ಐದೂ ಆ ತಿಂಡಿ ತಟ್ಟೆಯೊಳಗೆ ಬಿದ್ದರೆ ಕಾಡಿಗೆ ಹೊರಡಬಹುದು. ಬೀಳದಿದ್ದರೆ ಐವತ್ತು ಗಜದ ಬೇಟೆಗಾರ್ತಿಯಾಗಿಯೇ ಹೊರಡಿ, ವಿಸ್ಕಾನ್ಸಿನ್ನಿನ ಕಾಡುಗಳಲ್ಲಿ ಜಿಂಕೆ ಅಷ್ಟು ಹತ್ತಿರಕ್ಕೂ ಬರುತ್ತದೆ.

ಕೂರುವ ಜಾಗ ಆರಿಸುವಾಗ ಒಂದು ಮಾತು ನೆನಪಿಡಿ. ಕುಳಿತಲ್ಲಿಂದ ಬಲಗೈಯವರ ಕೋವಿ ಎಡಕ್ಕೆ ಸಲೀಸಾಗಿ ಹೊರಳುತ್ತದೆ, ನಮ್ಮದು ಬಲಕ್ಕೆ. ಜಿಂಕೆಯ ಜಾಡು ನಿಮ್ಮ ಬಲಕ್ಕೆ ಬರುವಂತೆ ಮರ ಹುಡುಕಿ. ನಮ್ಮ ಗುಂಪಿನಲ್ಲಿ ಉಳಿದವರೆಲ್ಲ ಬಲಗೈಯವರು. ಅವರು ಬೇಡವೆಂದು ಬಿಟ್ಟ ಮರಗಳೆಲ್ಲ ಪ್ರತಿ ವರ್ಷ ನನಗೇ ಸಿಗುತ್ತವೆ.