ಕೆಡವಿದ ಮನೆಯ ಬಾಗಿಲು ಮೇಜಾಗಲಿ

ಹಳೆಯ ತೊಟ್ಟಿಮನೆ ಕೆಡವುವಾಗ ಹೆಂಚಿಗೆ ಬೆಲೆ ಕಟ್ಟುವವರು ಬರುತ್ತಾರೆ, ತೊಲೆಗಳಿಗೂ ಗಿರಾಕಿ ಇರುತ್ತಾರೆ. ನಾಲ್ಕಾರು ಪದರ ಬಣ್ಣ ಮೆತ್ತಿಕೊಂಡ ಬಾಗಿಲು ಮಾತ್ರ ಹಿತ್ತಲಲ್ಲಿ ಮಳೆಗೆ ನೆನೆದು ಕೊನೆಗೆ ಬಚ್ಚಲೊಲೆ ಸೇರುತ್ತದೆ. ಆ ಬಣ್ಣದಡಿ ಸಾಗುವಾನಿಯೋ ಹಲಸೋ ಹೊನ್ನೆಯೋ ಇದ್ದೀತು. ಮಣಿಪಾಲದ ವಿಜಯನಾಥ ಶೆಣೈ ಅವರು ಕೆಡವಿದ ಮನೆಗಳ ಬಾಗಿಲು, ಕಂಬಗಳನ್ನು ಕೂಡಿಸಿ ತಮ್ಮ ‘ಹಸ್ತಶಿಲ್ಪ’ ಮನೆ ಕಟ್ಟಿಕೊಂಡರು. ಮುಂದೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಷ್ಟು ದೊಡ್ಡ ಕೆಲಸ ಎಲ್ಲರ ಕೈಲಾಗದು. ಒಂದು ಬಾಗಿಲನ್ನು ಊಟದ ಮೇಜು ಮಾಡುವುದು ಖಂಡಿತ ಆಗುತ್ತದೆ.

ಒಂದು ಮಾತು ಮಾತ್ರ ಮೊದಲೇ ಹೇಳಬೇಕು: ಗರಗಸ ಕೊನೆಗಿರಲಿ. ಬಾಗಿಲಿನ ಅಳತೆಗೆ ಮೇಜನ್ನು ಹೊಂದಿಸಿ, ಮೇಜಿನ ಅಳತೆಗೆ ಬಾಗಿಲನ್ನು ಕತ್ತರಿಸಬೇಡಿ. ಆರಡಿ ಉದ್ದ, ಮೂರಡಿ ಅಗಲದ ಬಾಗಿಲಿದ್ದರೆ ಆರು ಜನ ಕೂತು ಉಣ್ಣಬಹುದು. ಜೋಡಿ ಬಾಗಿಲಿನ ಒಂದೇ ರೆಕ್ಕೆ ಸಿಕ್ಕಿದ್ದರೆ ಅಗಲ ಒಂದೂವರೆ ಅಡಿಯಷ್ಟೇ ಇರುತ್ತದೆ. ಅದು ಗೋಡೆಗೊತ್ತಿದ ಬರೆಯುವ ಮೇಜಿಗೋ ಜಗಲಿಯ ಬೆಂಚಿಗೋ ಸರಿಹೋಗುತ್ತದೆ.

ಆರಿಸುವಾಗ

ಗುಜರಿ ಅಂಗಡಿಯಲ್ಲಾಗಲಿ, ನೆಂಟರ ಅಟ್ಟದಲ್ಲಾಗಲಿ, ಬಾಗಿಲಿನ ಬುಡವನ್ನು ಮೊದಲು ನೋಡಿ. ನೆಲ ತೊಳೆದ ನೀರು ಕುಡಿದು ಕೊಳೆಯುವುದು ಅಲ್ಲಿಂದಲೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಮರ ಮೆತ್ತಗೆ ಒಳಗೆ ಹೋದರೆ ಅಷ್ಟು ಭಾಗ ಸತ್ತಿದೆ ಎಂದರ್ಥ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ. ಒಂದು ಕಡೆ ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿರಬಹುದು. ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಗಾಬರಿ ಬೇಡ. ಬಾಗಿಲನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಒಂದು ವಾರ ಬಿಡಿ. ಕೆಳಗೆ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆಹುಳು ಇನ್ನೂ ಇದೆ. ಉದುರದಿದ್ದರೆ ತೂತುಗಳು ಬಹುಶಃ ಹಳೆಯವು. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ತರಬೇಡಿ.

ತಂದೊಡನೆ ಕೆಲಸಕ್ಕೆ ಕೈಹಾಕಬೇಡಿ. ಮೇಜು ಇರಬೇಕಾದ ಕೋಣೆಯಲ್ಲೇ, ನಾಲ್ಕು ರೀಪರ್ ಪಟ್ಟಿಗಳ ಮೇಲೆ, ಎರಡು ಮೂರು ವಾರ ಮಲಗಿಸಿಡಿ. ಮಲೆನಾಡಿನ ತೇವದಲ್ಲಿದ್ದ ಮರ ಬಳ್ಳಾರಿಯ ಒಣಹವೆಗೆ ಬಂದರೆ ಕುಗ್ಗುತ್ತದೆ. ಕುಗ್ಗುವುದು ಮೇಜಾಗುವ ಮೊದಲೇ ಮುಗಿಯಲಿ.

ಬಣ್ಣ ತೆಗೆಯುವಾಗ ಎಚ್ಚರ

ಇಡೀ ಕೆಲಸದಲ್ಲಿ ಅಪಾಯವಿರುವುದು ಈ ಹಂತದಲ್ಲಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಬಳಿದ ಬಣ್ಣದಲ್ಲೆಲ್ಲ ಸೀಸ ಇದೆಯೆಂದೇ ತಿಳಿದು ಕೆಲಸ ಮಾಡಿ. ಆ ದೂಳು ಮಕ್ಕಳ ಮಿದುಳಿಗೆ ಮಾಡುವ ಹಾನಿ ಸರಿಪಡಿಸಲಾಗದ್ದು. ಹಾಗಾಗಿ ಒಣ ಬಣ್ಣದ ಮೇಲೆ ಸ್ಯಾಂಡಿಂಗ್ ಮೆಷಿನ್ ಓಡಿಸುವುದಾಗಲಿ, ಬೆಂಕಿ ಹಿಡಿದು ಬಣ್ಣ ಸುಡುವುದಾಗಲಿ ಬೇಡವೇ ಬೇಡ.

ಮನೆಯ ಹೊರಗೆ ಪ್ಲಾಸ್ಟಿಕ್ ಹಾಸಿ, ಎನ್-95 ಮಾಸ್ಕ್ ಮತ್ತು ರಬ್ಬರ್ ಗ್ಲೌಸ್ ತೊಡಿ. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಬೊಬ್ಬೆಯೆದ್ದ ಮೇಲೆ ಮರದ ಎಳೆಯ ಗುಂಟ ಮೆಲ್ಲಗೆ ಹೆರೆಯಿರಿ. ಉಳಿದದ್ದನ್ನು ನೀರಿಗೆ ತಾಳುವ ಸ್ಯಾಂಡ್ ಪೇಪರ್‌ನಿಂದ ಒದ್ದೆಯಾಗಿಯೇ ಉಜ್ಜಿ. ಮಕ್ಕಳು, ಗರ್ಭಿಣಿಯರು ಹತ್ತಿರ ಸುಳಿಯಬಾರದು. ಚಕ್ಕೆಗಳನ್ನು ಒಲೆಗೆ ಹಾಕದೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಅಪಾಯಕಾರಿ ಕಸದ ಜೊತೆ ಕೊಡಿ. ಕೆಲಸದ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಿರಿ. ಕೆತ್ತನೆಯ ಸಂದುಗಳಲ್ಲಿ ಉಳಿದ ಬಣ್ಣವನ್ನು ಕೆದಕಲು ಹೋಗಿ ಕೆತ್ತನೆಯನ್ನೇ ಕಳೆಯುವುದಕ್ಕಿಂತ ಅದನ್ನು ಹಾಗೇ ಬಿಟ್ಟು ಮೇಲೆ ವಾರ್ನಿಷ್ ಹೊಡೆಯುವುದು ಮೇಲು.

ಹುಳು, ಮೊಳೆ, ಮೇಲ್ಮೈ

ಬಣ್ಣ ಹೋದ ಬೆತ್ತಲೆ ಮರ ಮಾತ್ರ ಔಷಧಿ ಕುಡಿಯುತ್ತದೆ. ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಅಡಿಭಾಗಕ್ಕೂ ಅಂಚುಗಳಿಗೂ ಎರಡು ಸಲ ಬಳಿದು, ತೂತುಗಳಿಗೆ ಸಿರಿಂಜಿನಲ್ಲಿ ಬಿಡಿ. ಇದು ವಿಷ, ಅಡುಗೆಯ ಪಾತ್ರೆಯಲ್ಲಿ ಕಲಸಬೇಡಿ. ನೆರಳಲ್ಲಿ ಪೂರ್ತಿ ಒಣಗಿಸಿ.

ಆಮೇಲೆ ಅಯಸ್ಕಾಂತವೊಂದನ್ನು ಮರದ ಮೇಲೆಲ್ಲ ಆಡಿಸಿ. ಒಳಗೆ ಮುರಿದುಕೊಂಡ ಒಂದು ಮೊಳೆ ಸಾಕು, ಬಡಗಿಯ ಕೀಸುಳಿಯ ಅಲಗು ಹೋಗಲು. ಬಣ್ಣ ಪೂರ್ತಿ ಹೋದ ಕಡೆ 80, 120, 180ರ ಸ್ಯಾಂಡ್ ಪೇಪರ್ ಕ್ರಮವಾಗಿ ಎಳೆಯ ಗುಂಟ ಆಡಿಸಿದರೆ ಸಾಕು. ಇದಕ್ಕೂ ಮಾಸ್ಕ್ ಬೇಕು. ಅಗುಳಿ, ಚಿಲಕ, ಹಿತ್ತಾಳೆಯ ಗುಬುಟುಗಳನ್ನು ಹುಣಿಸೆಹುಳಿಯಲ್ಲಿ ತಿಕ್ಕಿ ಮತ್ತೆ ಅವುಗಳ ಜಾಗದಲ್ಲೇ ಕೂರಿಸಿ.

ಕಾಲು ಕೂರಿಸುವುದು

ಗಟ್ಟಿ ಸಾಗುವಾನಿಯ ಒಂಟಿ ಬಾಗಿಲು 45 ಕಿಲೊ ತೂಗೀತು. ದಿಂಡು, ಕೆತ್ತನೆಗಳಿಂದ ಮೇಲ್ಮೈ ಏರುತಗ್ಗಾಗಿದ್ದರೆ 8 ಮಿಲಿಮೀಟರ್ ಟಫನ್ಡ್ ಗಾಜು ಬೇಕು; ಅದರ ತೂಕವೇ 30 ಕಿಲೊ ದಾಟುತ್ತದೆ. ಇಷ್ಟು ಭಾರವನ್ನು ಹೊಲಿಗೆ ಯಂತ್ರದ ಹಳೆಯ ಕಬ್ಬಿಣದ ಕಾಲಿಗೆ ಹೊರಿಸಬೇಡಿ; ಅದನ್ನು ಒಂಟಿ ರೆಕ್ಕೆಯ ಬರೆಯುವ ಮೇಜಿಗೆ ಇಟ್ಟುಕೊಳ್ಳಿ. ಊಟದ ಮೇಜಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಮಾಡಿಸಿ. ನೆಲದಿಂದ ಗಾಜಿನ ಮೇಲ್ಮೈವರೆಗೆ ಒಟ್ಟು ಎತ್ತರ 30 ಇಂಚು ಇರಲಿ. ಟಫನ್ಡ್ ಗಾಜನ್ನು ಮಾಡಿದ ಮೇಲೆ ಕತ್ತರಿಸಲಾಗದು, ಎರಡೆರಡು ಸಲ ಅಳೆದೇ ಹೇಳಿ.

ಚೌಕಟ್ಟಿನ ತೂತುಗಳು ಬಾಗಿಲಿನ ಅಗಲದ ದಿಕ್ಕಿಗೆ ಉದ್ದವಾಗಿರಲಿ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಮರಕ್ಕೆ ಓಡಾಡಲು ಜಾಗ ಬೇಕು, ಇಲ್ಲದಿದ್ದರೆ ಸೀಳುತ್ತದೆ. ಇದೇ ಕಾರಣಕ್ಕೆ ಬಾಗಿಲಿನ ನಡುವಿನ ಹಲಗೆಗಳ ಸಂದಿಗೆ ಅಂಟು ತುಂಬಬಾರದು. ಸ್ಕ್ರೂ ಹಾಕುವ ಮುನ್ನ ಸಣ್ಣ ಡ್ರಿಲ್ ಬಿಟ್‌ನಿಂದ ದಾರಿ ಮಾಡಿ, ಸ್ಕ್ರೂಗೆ ಮೇಣ ಸವರಿ.

ಮೆರುಗು

ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ ಮಾಡುವ ಫ್ರೆಂಚ್ ಪಾಲಿಶ್ ಚೆಂದ, ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ. ಗಾಜು ಹಾಕದ ಊಟದ ಮೇಜಿಗೆ ನನ್ನ ಮತ ಅಗಸೆ ಎಣ್ಣೆಗೆ. ಮೊದಲ ಕೋಟಿಗೆ ಅರ್ಧದಷ್ಟು ಟರ್ಪೆಂಟೈನ್ ಬೆರೆಸಿ, ಇಪ್ಪತ್ತು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಒರೆಸಿಬಿಡಿ. ಚೆನ್ನಾಗಿ ಒಣಗಿದ ಮೇಲೆ ಇನ್ನೆರಡು ತೆಳು ಕೋಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ ಅಥವಾ ಹೊರಗೆ ಹರವಿ ಒಣಗಿಸಿ. ಮೊದಲ ಒಂದು ತಿಂಗಳು ಮೇಜಿನ ಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳಿ, ಒಲೆಯಿಂದಿಳಿಸಿದ ಪಾತ್ರೆಯನ್ನು ಸಿಂಬಿಯ ಮೇಲೆಯೇ ಇಡಿ.