ಆನೆ ಹಂದಿಯಾದ ರೂಪಾಯಿ ಯಾರ ಪಾಲಿಗೆ?

ಭಾವ ಮನೆ ಖಾಲಿ ಮಾಡಿ ಮಗನ ಜೊತೆ ಇರಲು ಧಾರವಾಡಕ್ಕೆ ಹೊರಟಾಗ ನಮ್ಮಿಬ್ಬರ ಜಂಟಿ ಆಸ್ತಿ ಅಂತ ಇದ್ದದ್ದು ಒಂದು ಬಿಸ್ಕತ್ ಡಬ್ಬಿ ಮಾತ್ರ. ಅದರ ತುಂಬ ಹಳೇ ನಾಣ್ಯ. ಹದಿನಾಲ್ಕು ವರ್ಷ ಚಿಕ್ಕಪೇಟೆ, ಅವೆನ್ಯೂ ರಸ್ತೆ ಸುತ್ತಿ ಕೊಂಡವು. ದುಡ್ಡು ಇಬ್ಬರದೂ ಸಮಸಮ.

"ಎಣಿಸಿ ಅರ್ಧರ್ಧ ಮಾಡ್ಕೊಳ್ಳಿ, ಇದಕ್ಕೇನು ಪಂಚಾಯ್ತಿ" ಅಂದಳು ಅಕ್ಕ. ಬೆಳ್ಳಿ ರೂಪಾಯಿ 58 ಇದ್ದವು. ತಲಾ 29 ಅಂತ ಎರಡು ಸಾಲು ಜೋಡಿಸಿದೆ. ಭಾವ ಕನ್ನಡಕ ಏರಿಸಿಕೊಂಡು ನೋಡಿ, "ವಿಕ್ಟೋರಿಯಾ ರಾಣಿ ಎಲ್ಲಾ ನಿನ್ ಕಡೇನೇ ಬಂದ್ಬಿಟ್ಲಲ್ಲೋ" ಅಂದರು.

ಅವರು ಹೇಳಿದ್ದು ಸರಿಯೇ. ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನವುಗಳಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಯುದ್ಧ ಬಂತು, 1940ರಿಂದ ಅದು ಅರ್ಧಕ್ಕಿಳಿಯಿತು. 1947ರ ಹುಲಿ ರೂಪಾಯಿಯಂತೂ ಬರೀ ನಿಕ್ಕಲ್. ಅಂದರೆ ಹಳೇ ರೂಪಾಯಿಯಲ್ಲಿ ಹತ್ತೂವರೆ ಗ್ರಾಂಗಿಂತ ಹೆಚ್ಚು ಬೆಳ್ಳಿ, ನಲವತ್ತರ ದಶಕದ್ದರಲ್ಲಿ ಆರು ಗ್ರಾಮೂ ಇಲ್ಲ. ಎಣಿಕೆಯಲ್ಲಿ ಸಮ, ತಕ್ಕಡಿಯಲ್ಲಿ ಅಲ್ಲ.

ಹಾಗಂತ ಬೆಳ್ಳಿ ರೇಟಿಗೆ ಹಂಚಿದರೂ ಆಗದು. ನಮ್ಮಲ್ಲಿ 1911ರದ್ದೊಂದು ಇತ್ತು. ಐದನೇ ಜಾರ್ಜ್ ದೊರೆಯ ಎದೆಯ ಮೇಲಿನ ಪುಟ್ಟ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, ಬಹುಪಾಲನ್ನು ಕರಗಿಸಿ, ಮುಂದಿನ ವರ್ಷ ಆನೆಯನ್ನು ತಿದ್ದಿ ಅಚ್ಚು ಹಾಕಿದರಲ್ಲ, ಆ 'ಹಂದಿ ರೂಪಾಯಿ'. ಅದರ ಬೆಲೆ ಬೆಳ್ಳಿಯದ್ದಲ್ಲ, ಗಲಾಟೆಯದ್ದು.

ಅಂಗಡಿಯವರನ್ನು ಕೇಳಿದೆವು. ಒಬ್ಬ ತಾನು ಮಾರುವ ಬೆಲೆ ಹೇಳಿದ, ಇನ್ನೊಬ್ಬ ಕೊಳ್ಳುವ ಬೆಲೆ. ಎರಡಕ್ಕೂ ಅಜಗಜಾಂತರ. ನನ್ನ ಪಾಲನ್ನು ಒಂದರಿಂದಲೂ ಭಾವನ ಪಾಲನ್ನು ಇನ್ನೊಂದರಿಂದಲೂ ಅಳೆದರೆ ಅಲ್ಲಿಗೆ ಸಂಬಂಧ ಮುಗಿಯಿತು. ಒಬ್ಬ ಪಾಲು ಮಾಡಲಿ, ಇನ್ನೊಬ್ಬ ಆರಿಸಲಿ ಅನ್ನುವ ಹಳೇ ಉಪಾಯವನ್ನೂ ನೋಡಿದೆವು. ಟಿಪ್ಪುವಿನ ಆನೆ ಕಾಸಿನಲ್ಲಿ ಪಟ್ಟಣದ ಟಂಕಸಾಲೆಯದ್ದು ಯಾವುದು, ನಗರದ್ದು ಯಾವುದು ಅಂತ ಭಾವ ಕಣ್ಣು ಮುಚ್ಚಿ ಹೇಳಬಲ್ಲರು. ನನಗೆ ಕಾಣುವುದು ಆನೆ ಮಾತ್ರ. ನಾನು ಆರಿಸಿ ಏನು ಬಂತು?

ಕೊನೆಗೆ ಚೀಟಿ. ಸಾಮಾನ್ಯ ನಾಣ್ಯಗಳನ್ನು ಇಸವಿ ನೋಡಿ ಹಂಚಿ, ಇಬ್ಬರಿಗೂ ಆಸೆಯಿದ್ದ ಹನ್ನೊಂದಕ್ಕೆ ಮಾತ್ರ ಗುಟ್ಟಾಗಿ ಬೆಲೆ ಬರೆದೆವು. ಹೆಚ್ಚು ಬರೆದವರಿಗೆ ನಾಣ್ಯ, ಬರೆದದ್ದರಲ್ಲಿ ಅರ್ಧ ಇನ್ನೊಬ್ಬರಿಗೆ. ಹಂದಿ ರೂಪಾಯಿಗೆ ನಾನು ಬರೆದದ್ದು 6,000, ಭಾವ 9,000. ನಾಣ್ಯ ಅವರ ಜೇಬಿಗೆ, 4,500 ನನ್ನ ಕೈಗೆ. ನನ್ನ ಲೆಕ್ಕದಲ್ಲಿ ನನ್ನರ್ಧದ ಬೆಲೆ 3,000 ಅಷ್ಟೇ, ಇವತ್ತಿಗೂ ಬೇಜಾರಿಲ್ಲ.

ಬೇಜಾರಿರುವುದು ಬೇರೆಯದಕ್ಕೆ. ಒಂದು ದೀಪಾವಳಿಗೆ, ಹೊಳೆಯಲಿ ಅಂತ ನಾಲ್ಕು ವಿಕ್ಟೋರಿಯಾ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದೆ. "ಅಯ್ಯೋ, ತಿಕ್ಕಿಬಿಟ್ಟಿದೀರಲ್ಲ ಸಾರ್" ಅಂದ ಅಂಗಡಿಯವನು ಬೆಳ್ಳಿ ರೇಟಿನ ಮೇಲೆ ಏರಲೇ ಇಲ್ಲ. ಜಂಟಿ ಮಾಲನ್ನು ಕೆಡಿಸಿದವನು ನಾನು. ಕೆಡದಿದ್ದರೆ ಎಷ್ಟಾಗುತ್ತಿತ್ತೋ ಆ ಬೆಲೆ ಹಿಡಿದು ನಾಲ್ಕನ್ನೂ ನನ್ನ ಪಾಲಿಗೆ ಹಾಕಿಕೊಂಡೆ. ಭಾವ ಬೇಡವೆಂದರು, ಅಕ್ಕ ಬೇಡವೆನ್ನಲಿಲ್ಲ.

ಉಳಿದದ್ದು ಒಂದೇ, ಕಂಠೀರವ ನರಸರಾಜ ಒಡೆಯರ ಹೆಸರಿನ ಚಿನ್ನದ ಹಣ. ಹಣ ಅಂತಲೇ ಅದರ ಹೆಸರು. ಅರ್ಧ ಗ್ರಾಮೂ ತೂಗುವುದಿಲ್ಲ, ಭೂತಗನ್ನಡಿ ಹಿಡಿದರೆ ನರಸಿಂಹ ಕಾಣುತ್ತಾನೆ. ಅದಕ್ಕೆ ಚೀಟಿ ಬರೆಯಲು ಕೂತವರು ಎರಡು ಲೋಟ ಕಾಫಿ ಕುಡಿದು ಎದ್ದೆವು. ಈಗದು ಬ್ಯಾಂಕ್ ಲಾಕರಿನಲ್ಲಿದೆ, ಇಬ್ಬರ ಹೆಸರಿನಲ್ಲಿ. ವರ್ಷಕ್ಕೊಮ್ಮೆ ಬಾಡಿಗೆಯ ಅರ್ಧ ಧಾರವಾಡದಿಂದ ಫೋನಿಗೆ ಬಂದು ಬೀಳುತ್ತದೆ. ಒಟ್ಟು ಬಾಡಿಗೆ ಆ ಹಣದೊಳಗಿನ ಚಿನ್ನದ ಬೆಲೆಯನ್ನು ಎಂದೋ ದಾಟಿರಬೇಕು. ಹಣಕಾಸು ಅಂಕಣ ಬರೆಯುವವನು ಅದನ್ನು ಇನ್ನೂ ಕೂಡಿ ನೋಡಿಲ್ಲ.