'ಗಾವೋಷಾನ್ ಚಾ': ಒಂದು ಪದವಿವೇಚನೆ

ಪರ್ವತಪ್ರದೇಶದಲ್ಲಿ ಬೆಳೆದ ಉತ್ತಮ ದರ್ಜೆಯ ಚಹಾಕ್ಕೆ ಚೀನೀ ಭಾಷೆಯಲ್ಲಿ 'ಗಾವೋಷಾನ್ ಚಾ' ಎಂಬ ಹೆಸರಿದೆ. 'ಗಾವೋ' ಎಂದರೆ ಎತ್ತರ, 'ಷಾನ್' ಎಂದರೆ ಬೆಟ್ಟ, 'ಚಾ' ಎಂದರೆ ಚಹಾ. ಕನ್ನಡದಲ್ಲಿರುವಂತೆ ಇಲ್ಲಿಯೂ ವಿಶೇಷಣ ಮೊದಲು, ವಿಶೇಷ್ಯ ಕೊನೆಗೆ. ಕನ್ನಡದ 'ಚಹಾ' ಈ 'ಚಾ' ಮೂಲದ್ದು. 'ಟೀ' ಎಂಬುದು ದಕ್ಷಿಣ ಫೂಚಿಯನ್ ಪ್ರಾಂತ್ಯದ 'ತೆ' ರೂಪದಿಂದ ಡಚ್, ಇಂಗ್ಲಿಷ್‌ಗಳ ಮೂಲಕ ಬಂದದ್ದು.

ಹಾಗಾದರೆ ಇದನ್ನು 'ಬೆಟ್ಟದ ಚಹಾ' ಎಂದು ಅನುವಾದಿಸಿದರೆ ಸಾಲದೆ? ಎರಡು ತೊಡಕುಗಳಿವೆ. 'ಬೆಟ್ಟದ ನೆಲ್ಲಿ'ಯಲ್ಲಿ ವಿಶೇಷಣವು ಕಿರುನೆಲ್ಲಿಗಿಂತ ಬೇರೆಯಾದ ಸಸ್ಯವನ್ನೇ ಸೂಚಿಸುತ್ತದೆ. ಗಾವೋಷಾನ್ ಚಾ ಬೇರೆ ಸಸ್ಯವಲ್ಲ. ಅದೇ ಗಿಡ ತಂಪು, ಮಂಜುಗಳಲ್ಲಿ ನಿಧಾನವಾಗಿ ಚಿಗುರುವುದರಿಂದ ಅದರ ಒಗರು ತಗ್ಗುತ್ತದೆ. 'ದೇವನಹಳ್ಳಿ ಚಕ್ಕೋತ'ದಂತೆ ಒಂದೇ ಊರಿಗೆ ಕಟ್ಟುಬಿದ್ದ ಹೆಸರೂ ಅದಲ್ಲ, ಅದೊಂದು ಅನ್ವರ್ಥನಾಮ.

ಎರಡನೆಯದು ಎತ್ತರದ ಪ್ರಶ್ನೆ. ತೈವಾನಿನಲ್ಲಿ ಸಾಮಾನ್ಯವಾಗಿ ಸಮುದ್ರಮಟ್ಟದಿಂದ 1,000 ಮೀಟರಿಗೆ ಮೇಲ್ಪಟ್ಟ ತೋಟಗಳ ಚಹಾಕ್ಕೆ ಈ ಹೆಸರು ಸಲ್ಲುತ್ತದೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಬಯಲು ಹೊಲಗಳೇ ಸುಮಾರು 900 ಮೀಟರ್ ಎತ್ತರದಲ್ಲಿವೆ. ಅವನ್ನು ಯಾರೂ ಬೆಟ್ಟವೆನ್ನುವುದಿಲ್ಲ. ನೆಲಮಂಗಲ ಸೀಮೆಯಲ್ಲಿ ಬೆಟ್ಟವೆಂದರೆ ಶಿವಗಂಗೆ, ಸುತ್ತಣ ನೆಲದಿಂದ ತಲೆಯೆತ್ತಿ ನಿಂತದ್ದು. ಕನ್ನಡಿಗರು ಬೆಟ್ಟವನ್ನು ಅದರ ಬುಡದಿಂದ ಅಳೆಯುತ್ತಾರೆ. ವ್ಯಾಪಾರದಲ್ಲಿ ರೂಢಿಗೊಂಡ ಈ ಸಮಾಸದ ಎತ್ತರವನ್ನು ಕಡಲಿನಿಂದ ಅಳೆಯಲಾಗುತ್ತದೆ. ಆದುದರಿಂದ ನಿಘಂಟಿನಲ್ಲಿ ಮೂಲಪದವನ್ನು ಉಳಿಸಿಕೊಂಡು, 'ಎತ್ತರದ ಸೀಮೆಯಲ್ಲಿ ಬೆಳೆದ ಚಹಾ' ಎಂದು ಅರ್ಥ ನೀಡುವುದೇ ಯುಕ್ತ.